ಕರದ್ರ ಇಳಿಯೋ ಬಾತುಗಳು

ಅಬ್ದಲಿ ಕಡೆ ಕ್ಯಾಂಪು, ಕುವೈತ್
೧೪ ಡಿಸೆಂಬರ್ ೨೦೨೪, ಶನಿವಾರ ಮಧ್ಯಾಹ್ನ

ಮಂಗಳಾಗ ನಿನ್ನ ಗುರುಸಿದ್ದನ ಶರಣು,

ಹಾಂ, ಎಲ್ಲಿಗೆ ನಿಂತಿತ್ತು? "ನಾ ಕೂಗಿದ್ನಿ, ಅವು ಬಂದೇಬಿಟ್ವು" ಅಂದಿದ್ನಿ ನಿನ್ನೆ, ಫೋನ್ ಕಟ್ ಆತು. ಕಟ್ ಆಗಿದ್ದಲ್ಲ ಅದು, ನಮ್ಮ ಮಾಲಕ ಕಫೀಲನ ಮಗ ಮಿಶಾರಿ ಕೈಯಾಗಿಂದ ಕಸಗೊಂಡ. ಈ ಬಾತು ಬ್ಯಾಟಿ ಆಡಬಾರದ ಹಕ್ಕಿ, ಯಾರರ ವಿಡಿಯೋ ಮಾಡ್ಯಾರಂತ ಎಲ್ಲಾರ ಫೋನೂ ಜೀಪಿನ್ಯಾಗ ಇಟ್ಟು ಕೀಲಿ ಹಾಕ್ಯಾನ. ಅದಕ್ಕ ತಡ ಆತು, ಸಿಟ್ಟಾಗಬ್ಯಾಡ. ಈ ಪತ್ರ ನಮ್ಮ ಅಡಗಿ ಶರೀಫ್ ಒಯ್ತಾನ. ನಾಳೆ ರಜಾದ ಮ್ಯಾಲೆ ಮಂಗಳೂರಿಗೆ ಹೊಂಟಾನ, ಅಲ್ಲಿಂದ ಟಪಾಲಿಗೆ ಹಾಕ್ತಾನ. ಅಕ್ಷರ ನೋಡಿ ನಗಬ್ಯಾಡ. ಸಾಲ್ಯಾಗ ಮಾಸ್ತರು ಕೋಳಿ ಕೆರದಂಗ ಅಂತಿದ್ರು, ಈಗ ಬಾತು ಕೆರದಂಗ ಆಗೈತಿ. ಸುಧಾರಿಸೇನಿ.

ನಿನಗ ಗೊತ್ತೈತಲ್ಲ, ಶುವೈಖ್ ಗ್ಯಾರೇಜಿನಿಂದ ನನ್ನ ಈ ಮರಳಾಗ ತಂದಿದ್ದು ಜನರೇಟರ್ ನೋಡಾಕ. ಮಿಶಾರಿ ಕಡೆ ಹಕ್ಕಿ ದನಿ ಮಾಡೋ ಸ್ಪೀಕರ್ ಇತ್ತು. ಅದರಾಗ ಮರಳು ಹೊಕ್ಕು ಸತ್ತಿತ್ತು. "ಗುರು, ರಿಪೇರಿ ಮಾಡು" ಅಂದ. ಬಿಚ್ಚಿದ್ನಿ, ಒಳಗ ಎಲ್ಲಾ ಸುಟ್ಟು ಕರಕಲ. ಅವನ ಜೋಡಿ ಬ್ಯಾಟಿಗೆ ಬಂದ ದೋಸ್ತರು ಮಾರಿ ಸಣ್ಣ ಮಾಡಿಕೊಂಡು ಕುಂತಿದ್ರು, ನಗಸೂಣು ಅಂತ ಎರಡೂ ಕೈ ಬಾಯಿಗೆ ಹಿಡದು "ಆಂಗ್, ಆಂಗ್" ಅಂದ್ನಿ. ನಮ್ಮ ಮಾಗಡಿ ಕೆರಿ ದಂಡಿ ಮ್ಯಾಲೆ ಕುಂತು ನಿನ್ನ ನಗಸಾಕ ಮಾಡ್ತಿದ್ನಲ್ಲ, ಅದೇ. ಎಲ್ಲಾರೂ ಬಿದ್ದು ಬಿದ್ದು ನಕ್ರು. ಮಿಶಾರಿ ಒಬ್ಬನೇ ನಗಲಿಲ್ಲ. "ಇನ್ನೊಮ್ಮೆ ಮಾಡು" ಅಂದ. ನನಗೊಬ್ಬ ಅಭಿಮಾನಿ ಸಿಕ್ಕ ಅಂದಕೊಂಡ್ನಿ, ಹುಚ್ಚ.

ನಿನ್ನೆ ಮುಂಜಾನೆ ತೋಟದ ಹೊಂಡದ ಬಾಜೂ ಆಪು ಹುಲ್ಲಿನ ಮರಿಯಾಗ ನನ್ನ ಕುಂದರಿಸಿದ. ಮಂಜು ಇತ್ತು. ಬಾತು ಮ್ಯಾಲೆ ಹೊಂಟಿದ್ವು. ಇವಕ್ಕ ನಮ್ಮೂರಿನವುಕ್ಕಿದ್ದಂಗ ತಲಿಮ್ಯಾಲೆ ಪಟ್ಟಿಲ್ಲ, ಬೂದಿ ಬಣ್ಣ. ಆದ್ರ ದನಿ ಮಾತ್ರ ಒಂದೇ ಓಣಿದು. ನಾ ಕೂಗಿದ್ನಿ. ಹೊಂಟ ಸಾಲು ಬಾಗಿ ತಿರುಗಿತು ಮಂಗಳಾ! ಕಾಲು ಚಾಚಿ ಇಳಿಯಾಕತ್ವು. ನನಗೋ ಖುಷಿ, ದೂರದ ಬೀಗರು ಮನಿಗೆ ಬಂದಂಗ. ಆಮ್ಯಾಲೆ ಬಂದೂಕು.

ಒಂದು ಬಾತು ರೆಕ್ಕಿ ಮುರದು ನನ್ನ ಕಾಲಕಡೆ ಬಿತ್ತು. ಓಡಲಿಲ್ಲ. ನನ್ನ ಕಡೆ ಕುತಗಿ ಎತ್ತಿ "ಆಂಗ್" ಅಂತು. ನನಗ ಉತ್ತರ ಕೊಡ್ತು ಅದು. ಗುಂಡು ತಿಂದ ಮ್ಯಾಲೂ ನಾನು ಅದರ ಬಳಗದಾವ ಅಂತ ತಿಳಕೊಂಡಿತ್ತು. ಶರೀಫ್ ಬಂದು ಬಿಸ್ಮಿಲ್ಲಾ ಅಂದು ಚಾಕು ಹಾಕಿದ. ಅದನ್ನ ನಿನಗ ಹೇಳಾಕೇ ಫೋನ್ ಹಚ್ಚಿದ್ದು.

ಇವತ್ತು ಮುಂಜಾನೆ ಮತ್ತ ಅಲ್ಲೇ ಕುಂದರಿಸಿದ್ರು. ಇವತ್ತಿನ ಹಿಂಡು ದೊಡ್ಡದು, ಮುಗಿಲು ತುಂಬ. ಮಿಶಾರಿ ಹೆಗಲು ಚಿವುಟಿ "ಯಲ್ಲಾ ಗುರು, ಬುಲಾವ್" ಅಂದ. ಬಾಯಿ ತಗದ್ನಿ. ಬಾತಿನ ದನಿ ಬರಲಿಲ್ಲ. ಶೇಂಗಾ ಹೊಲದಾಗ ಬಾತು ಇಳದ್ರ ನಿಮ್ಮಪ್ಪ ಡಬ್ಬಿ ಬಡದು "ಹೋಽಽಯ್! ಹುರ್ರ್ಯಾ!" ಅಂತಿದ್ದನಲ್ಲ, ಅದು ಬಂತು! ಕಿಸೆದಾಗ ನಟ್ಟು ಬಿಚ್ಚೋ ಪಾನಾ ಇತ್ತು, ಬಾಜೂಕ ಖಾಲಿ ಡೀಸೆಲ್ ಡಬ್ಬಿ ಇತ್ತು. ಬಡದ್ನಿ ನೋಡು. ಇಡೀ ಹಿಂಡು ಮ್ಯಾಲೆದ್ದು ಇರಾಕಿನ ಕಡೆ ಹೋತು. ಪಾಸ್‌ಪೋರ್ಟ್ ಇಲ್ಲ, ವೀಸಾ ಇಲ್ಲ, ಆರಾಮ ಗಡಿ ದಾಟಿದ್ವು.

ದೋಸ್ತರು ಮೊದಲು ನಕ್ರು. ಮಿಶಾರಿ ಮಾರಿ ನೋಡಿ ಬಂದೂಕು ಕೆಳಗಿಟ್ರು. ಆತ ಬಂದೂಕು ಮಡಚಿ, ಮೆತ್ತಗ, "ಖಲಾಸ್" ಅಂದ. ಒದರಿದ್ರ ಬೇಷಿತ್ತು. ಬರೋ ತಿಂಗಳ ನನ್ನ ಇಕಾಮಾ, ಇಲ್ಲಿರೋ ಪರವಾನಗಿ, ಮುಗೀತೈತಿ. ಮತ್ತ ಮಾಡಸೋದೋ, ಊರಿಗೆ ಕಳಸೋದೋ, ಅವರಪ್ಪ ಮಧ್ಯಾಹ್ನದ ಊಟಕ್ಕ ಬಂದು ಹೇಳ್ತಾನಂತ.

ಶರೀಫ್‌ಗ ಸುದ್ದಿ ಮುಟ್ಟೇತಿ. ಉಳ್ಳಾಗಡ್ಡಿ ಹೆಚ್ಚತ್ತ ಬಂದು, "ನಿಮಗೆ ಮಂಡೆ ಸಮ ಉಂಟಾ ಮಾರಾಯ್ರೇ?" ಅಂದ.

"ಸಮ ಇದ್ರ ಇಲ್ಲಿ ಯಾಕ ಬರ್ತಿದ್ನಿ ಭಾಯಿ?"

"ತಮಾಷೆ ಬಿಡಿ. ನಮ್ಮೂರಲ್ಲಿ ಹಕ್ಕಿಯನ್ನು ಕರೆಯುವುದೇ ಹೀಗೆ ಅಂತ ದೊಡ್ಡ ಸಾಹೇಬರಿಗೆ ಹೇಳಿ. ಅವರಿಗೇನು ಗೊತ್ತುಂಟು? ನಗಾಡಿ ಬಿಡ್ತಾರೆ."

ಖರೇನ, ಬಿಡ್ತಾರ. ಆದ್ರ ನಾಳೆ ಮುಂಜಾನೆ ಮತ್ತ ಆಪಿನ ಮರಿಯಾಗ ಕುಂದರಬೇಕು, ಮತ್ತ ಕೂಗಬೇಕು. ಮತ್ತೊಂದು ಬಂದು ನನ್ನ ಕಾಲಕಡೆ ಬಿದ್ದು ಉತ್ತರ ಕೊಟ್ರ ಏನ್ ಮಾಡ್ಲಿ? ಹನ್ನೊಂದು ವರ್ಷ ಇಲ್ಲಿ ಎಲ್ಲಾರನ್ನೂ ನಗಿಸಿ ಉಳಕೊಂಡೇನಿ. ಇವತ್ತು ಬಾಯಿಗೆ ಒಂದು ಜೋಕೂ ಬರವಲ್ದು.

ಅಗೋ, ಧೂಳು ಎದ್ದೈತಿ. ದೊಡ್ಡ ಸಾಹೇಬನ ಬಿಳೀ ಗಾಡಿ. ಇಳದ. ಮಿಶಾರಿ ಇಲ್ಲಿ ರಿವಾಜಿನಂಗ ಅಪ್ಪನ ಮೂಗಿಗೆ ಮುತ್ತು ಕೊಟ್ಟ. ಕೈ ತೋರಿಸಿ ನನ್ನ ಡೇರೆ ಕಡೆ ಏನೋ ಹೇಳಾಕತ್ಯಾನ.

ನಾ ಸುಳ್ಳ ಹೇಳಂಗಿಲ್ಲ ಮಂಗಳಾ. "ಇನ್ನ ಮ್ಯಾಲೆ ಕೂಗಂಗಿಲ್ಲ ಸಾಹೇಬ, ಏನ್ ಬೇಕಾರ ಮಾಡ್ರಿ" ಅಂತೇನಿ. ಮಾಡೋದು ಒಂದೇ, ಊರಿಗೆ ಕಳಸ್ತಾನ.

ಶರೀಫ್ ಕೂಗಾಕತ್ಯಾನ: "ಗುರುಗಳೇ, ಬನ್ನಿ! ದೊಡ್ಡವರು ನಿಮ್ಮನ್ನು ಅವರ ತಟ್ಟೆಗೇ ಊಟಕ್ಕೆ ಕರೀತಿದ್ದಾರೆ!" ಅನ್ನದ ಮ್ಯಾಲೆ ನಿನ್ನೆ ಬಾತು ಐತಿ. ಒಲ್ಲೆ ಅಂದ್ರ ಅವಮಾನ, ಉಂಡ್ರ ಬಳಗದಾವನ್ನ ತಿಂದಂಗ. ಬರೇ ಅನ್ನ ತಿಂತೇನಿ.

ನಮ್ಮವ್ವ ಶಾರದವ್ವಗ ನನ್ನ ನಮಸ್ಕಾರ. ಮಗಳಿಗೆ ಮುದ್ದು. ಬಸವಣ್ಣ ನಿಮ್ಮನ್ನ ಚಲೋ ಇಡಲಿ.

ನಿನ್ನ
ಗುರುಸಿದ್ದ

ತಾ.ಕ.: ದೀಪಾವಳಿಗೆ ಬರಲೇನು ಅಂದಾಗ ನೀ ಅಂದಿ, "ಬಂದೇನ್ ಮಾಡ್ತಿ, ನೀ ಇಲ್ಲದ್ದು ನಮಗ ರೂಢಿ ಆಗೇತಿ." ನಾ ಫೋನಿನ್ಯಾಗ ಜೋರ್ ನಕ್ನಿ, ಕೇಳಿಸಿರಬೇಕು. ನಗು ಅಲ್ಲ ಅದು. ಈ ಸಲ ಇವರು ಕಳಸ್ತಾರ, ನಾ ಬಂದೇ ಬರ್ತೇನಿ. ಆದ್ರ ಇಳಿಯೋಕಿಂತ ಮೊದಲು ಕೆಳಗಿಂದ ಒಂದು ದನಿ ಬೇಕಲ್ಲ. ಆ ಬಾತು ಸುಳ್ಳ ದನಿಗೂ ಇಳೀತು. ನಂದೂ ಅಷ್ಟೇ. ಸುಳ್ಳಾದ್ರೂ ಚಿಂತಿಲ್ಲ, ಒಮ್ಮೆ ಕರಿ.