ಶುಕ್ರವಾರದ ಗಾಳಿ

ಅಕ್ಟೋಬರ್ 9, ಬುಧವಾರ. ಸಿರಾಕೂಸಾ.

ಬೇಸಿಗೆಯಿಡೀ ನಕಾಶೆ ಹರಡಿಕೊಂಡು ಮಯೋರ್ಕಾ ದ್ವೀಪದವರೆಗೆ ದಾರಿ ಗುರುತಿಸಿದವಳು ನಾನು. ಇವತ್ತು ಊಟದ ನಡುವೆ ನನ್ನ ಗಂಡ ನುನ್ಸಿಯೊ, ಮೀನಿನ ಮುಳ್ಳು ಬಿಡಿಸುತ್ತಾ, "ನೀನು ವಿಮಾನದಲ್ಲಿ ಬಂದ್ಬಿಡು ಕಣೇ. ದೋಣೀಲಿ ನಿನ್ನ ಜಾಗಕ್ಕೆ ನನ್ನ ತಮ್ಮ ಇರ್ತಾನೆ" ಎಂದ. ಆ ತಮ್ಮನಿಗೆ ಹಾಯಿ ಬಿಚ್ಚಲೂ ಬರುವುದಿಲ್ಲ! ದೋಣಿಯೋ, ನನ್ನಪ್ಪನದು.

"ಗಾಳಿ ಯಾವತ್ತು ಚೆನ್ನಾಗಿದೆ, ಹೇಳು" ಎಂದು ಮತ್ತೆ ನನ್ನನ್ನೇ ಕೇಳಿದ.

"ಶುಕ್ರವಾರ ಮಾತ್ರ. ಆಮೇಲೆ ಬಿರುಗಾಳಿ. ಮಾರ್ಚ್‌ವರೆಗೂ ಮರ್ತ್ಬಿಡು."

"ಶುಕ್ರವಾರ ಹೊರಡೋದಾ? ಮುಳುಗೋಕಾ?"

ಶುಕ್ರವಾರ ಪಯಣ ಶುರುಮಾಡುವುದು ನಮ್ಮಲ್ಲಿ ಅಪಶಕುನ. ಅಪ್ಪನೂ ಅದಕ್ಕೆ ಹೆದರುತ್ತಿದ್ದ. ಅದಕ್ಕೇ ಗುರುವಾರ ಸಂಜೆಯೇ ಹಗ್ಗ ಬಿಚ್ಚಿ, ಬಂದರಿನ ಬಾಯಲ್ಲಿ ಲಂಗರು ಹಾಕಿ ಮಲಗುತ್ತಿದ್ದ. ಪಯಣ ಗುರುವಾರವೇ ಶುರುವಾದಂತಾಯಿತಲ್ಲ!

ಬೆಟ್ಟದೂರಿನ ನುನ್ಸಿಯೊಗೆ ಈ ಉಪಾಯ ಗೊತ್ತಿಲ್ಲ. ನಾನು ಬಾಯಿ ಬಿಡಲಿಲ್ಲ. ಚಳಿಗಾಲವಿಡೀ ದೋಣಿ ಕಟ್ಟೆಗೆ ಕಟ್ಟಿಸಿಕೊಂಡು ಬಿದ್ದಿರಲಿ, ನನ್ನ ಹಾಗೆ.