ಭೂಮಿ ಹೇಳಬೇಕಾದ ಮಾತು

ಉದ್ಯಾವರ
೧೨ ನವೆಂಬರ್ ೨೦೨೫

ಪ್ರೀತಿಯ ವನೆಸ್ಸಾ,

ದೇವರು ನಿನಗೂ ಮಕ್ಕಳಿಗೂ ಸೌಖ್ಯ ಕೊಡಲಿ. ನಿನ್ನ ಮೆಸೇಜುಗಳಿಗೆ ಉತ್ತರ ಕೊಡದೆ ತಿಂಗಳಾಯಿತು, ಬೇಸರಿಸಬೇಡ. ಪಕ್ಕದ ಮನೆಯ ಶಾರ್ಲೆಟ್ ನಾಳಿದ್ದು ನಿಮ್ಮ ಮಸ್ಕತ್ತಿಗೆ ಹೊರಡುತ್ತಾಳೆ. ಅವಳ ಕೈಯಲ್ಲಿ ಈ ಕಾಗದವೂ ಒಂದು ಬಾಟಲಿ ಸಿಗಡಿ ಉಪ್ಪಿನಕಾಯಿಯೂ ಉಂಟು. ನಿನ್ನ ಭಾವ ಅಲೆಕ್ಸ್ ಚೆನ್ನಾಗಿದ್ದಾರೆ. ನನಗೆ ಕ್ರಿಸ್ಮಸ್ಸಿನ ಹೊಲಿಗೆ ಸುರುವಾಗಿದೆ.

ಬರೆಯುವುದು ನಮ್ಮ ಜೋವಿನ್‌ನ ಆಲ್ಬಮ್ ವಿಷಯ. ತಮ್ಮ ತೀರಿಹೋಗಿ ಒಂಬತ್ತು ತಿಂಗಳಾದರೂ ಅವನ ಬ್ಯಾಂಡಿನ ಡ್ರಮ್ಮರ್ ಉಜ್ವಲ್, ಆ ಕಾರ್ಕಳದ ಹುಡುಗ, ಅದರ ಕೆಲಸ ಬಿಟ್ಟಿಲ್ಲ. ಒಂಬತ್ತು ಹಾಡು, ಎಲ್ಲ ಸೇರಿ ಒಂದೇ ಕಥೆ. ಶನಿಯ ಒಂದು ಚಂದ್ರನಲ್ಲಿ ಮನೆ ಕಟ್ಟಲು ಕಾರ್ಕಳದ ಕಲ್ಲು ಹೇರಿಕೊಂಡು ಒಂದು ನೌಕೆ ಹೋಗುತ್ತದೆ. ನಡೆಸುವವನು ಒಬ್ಬನೇ. ಕಾಪುವಿನ ದೀಪಸ್ತಂಭ ಕಣ್ಣಿಗೆ ಮರೆಯಾದ ಮೇಲೆ ಅವನು ಭೂಮಿಯನ್ನು ಕರೆಯುತ್ತಲೇ ಇರುತ್ತಾನೆ. ಕೊನೆಯ ಹಾಡಿನಲ್ಲಿ ಭೂಮಿ ಒಂದು ಮಾತು ಹೇಳಬೇಕು: ‘ಕೇಳಿಸ್ತಾ ಉಂಟು, ಮಾತಾಡು.’ ಉಳಿದದ್ದೆಲ್ಲ ಜೋವಿನ್ನೇ ಹಾಡಿ ಮುಗಿಸಿದ್ದ. ಇದನ್ನು ಸೆಲೀನಕ್ಕ, ಅಂದರೆ ನಾನು, ಹೇಳಬೇಕು ಎಂದು ಅವನ ಪುಸ್ತಕದಲ್ಲಿ ಬರೆದಿತ್ತಂತೆ.

ಹೋದ ಮಂಗಳವಾರ ಮಣಿಪಾಲಕ್ಕೆ ಹೋದೆ. ಸ್ಟುಡಿಯೋ ಎಂದರೆ ಗೋಡೆಗೆಲ್ಲ ಹಾಸಿಗೆ ಹೊಡೆದಂಥ ಸಣ್ಣ ಕೋಣೆ. ರೆಕಾರ್ಡಿಂಗ್ ಮಾಡುವವಳು ಚೈತಾಲಿ. ಮೊದಲು ನೌಕೆ ಏಳುವ ಶಬ್ದ ಕೇಳಿಸಿದಳು. ನನ್ನ ಹೊಲಿಗೆ ಮಿಷಿನ್ನಿನದೇ ಶಬ್ದ. ಜೋವಿನ್ ಯಾವಾಗ ಹಿಡಿದುಕೊಂಡನೋ ಗೊತ್ತಿಲ್ಲ.

"ಅಕ್ಕ, ನಿಮ್ಮ ಮಿಷಿನ್ ಶನಿಯವರೆಗೆ ಹೋಗಬೇಕು, ಎಣ್ಣೆ ಬಿಡ್ತೀರಲ್ವಾ?" ಎಂದ ಉಜ್ವಲ್.

"ತಮಾಷೆ ಸಾಕು ಮಾರಾಯ, ಅವರಿಗೆ ಮಾತಾಡ್ಲಿಕ್ಕೆ ಬಿಡು," ಎಂದಳು ಚೈತಾಲಿ.

ಹೆಡ್‌ಫೋನಿನಲ್ಲಿ ಜೋವಿನ್‌ನ ಸ್ವರ ಭೂಮಿಯನ್ನು ಕರೆಯುತ್ತಿತ್ತು. ಅವನು ನಿಲ್ಲಿಸಿದಲ್ಲಿ ನಾನು ಹೇಳಬೇಕು. ಐದು ಸಲ ಹಾಕಿದರು. ಐದು ಸಲವೂ ಆ ಮಾತು ಹೇಳದೆಯೇ ಹೆಡ್‌ಫೋನ್ ತೆಗೆದಿಟ್ಟೆ. ಗಂಟಲು ಸರಿ ಇಲ್ಲ ಎಂದೆ.

"ಎಂತ ಅವಸರ ಇಲ್ಲ ಅಕ್ಕ. ತಿಂಗಳ ಕೊನೆಯವರೆಗೆ ಕಾಯ್ತೇವೆ. ನೀವು ಹೇಳದಿದ್ದರೆ ಆ ಜಾಗ ಖಾಲಿಯೇ ಇಡ್ತೇವೆ," ಎಂದು ಉಜ್ವಲ್ ಬಸ್ ಸ್ಟ್ಯಾಂಡಿನವರೆಗೆ ಬಂದು ಬಿಟ್ಟ.

ಮಕ್ಕಳಿಗೆ ನನ್ನ ಮುತ್ತು. ನಿನ್ನ ತಲೆಯ ಮೇಲೆ ಅಮ್ಮನ ಆಶೀರ್ವಾದ ಯಾವಾಗಲೂ ಇರಲಿ.

ನಿನ್ನ ಅಕ್ಕ,
ಸೆಲೀನ್

ಮರೆತದ್ದು: ಮರೆತದ್ದಲ್ಲ, ಬರೆಯಲು ಆಗಲಿಲ್ಲ. ಬೈಕಿನಿಂದ ಬಿದ್ದ ಕೂಡಲೇ ಅವನು ಹೋದ ಎಂದು ನಿನಗೆ ಹೇಳಿದ್ದೆ. ಹಾಗಲ್ಲ. ಹೈವೇ ಬದಿಯಲ್ಲಿ ಬಿದ್ದಲ್ಲಿಂದ ಅವನು ನನಗೆ ಮೂರು ಸಲ ಫೋನ್ ಮಾಡಿದ್ದ. ನಾವು ಸಂಜೆ ಏಳೂವರೆಯ ತೆರ್ಸಿಗೆ, ಜಪಸರದ ಪ್ರಾರ್ಥನೆಗೆ, ಮೊಣಕಾಲೂರಿದ್ದೆವು. ಜಪಸರ ಮುಗಿಯುವವರೆಗೆ ಫೋನ್ ಎತ್ತಬಾರದೆಂಬ ಅಮ್ಮನ ಕ್ರಮ ನಿನಗೆ ಗೊತ್ತುಂಟು. ಅಲೆಕ್ಸ್ ಏಳಲು ಹೊರಟರು. "ಅವನೇ. ತೆರ್ಸಿಗೆ ತಪ್ಪಿಸಿಕೊಂಡವನು ಸ್ವಲ್ಪ ಕಾಯಲಿ," ಎಂದು ನಾನೇ ಫೋನನ್ನು ಮಗುಚಿ ಇಟ್ಟೆ.

ಭೂಮಿಯ ಆ ಮಾತನ್ನು ನಾನು ಹೇಳಿದರೆ ಸುಳ್ಳಾಗುತ್ತದೆ. ನಿನ್ನ ಸ್ವರದಲ್ಲಿ ಹೇಳಿ ಉಜ್ವಲನಿಗೆ ಕಳುಹಿಸು. ಇದನ್ನು ಓದಿದ ಮೇಲೂ ನನ್ನ ಹತ್ತಿರ ಮಾತಾಡಬೇಕು ಅನಿಸಿದರೆ ಫೋನ್ ಮಾಡು. ಸಂಜೆ ಏಳೂವರೆಗೆ, ತೆರ್ಸಿನ ನಡುವೆಯೂ ಮಾಡಬಹುದು.