ಕಣದಲ್ಲಿ ಲಾರಿಯುದ್ದದ ಅಕ್ಷರ

ಕಂಪ್ಲಿ,
೧೯-೨-೨೦೨೫

ಚಿರಂಜೀವಿ ಐಶ್ವರ್ಯಳಿಗೆ,

ನಿನ್ನಪ್ಪ ಇನ್ನೂ ಗಟ್ಟಿಯಾಗಿದ್ದಾನೆ. ನೀನು ಮನೆಗೆ ಬಂದು ಎರಡು ವರ್ಷವಾಯಿತು, ನಾನೂ ಅಂದಿನಿಂದ ಒಂದು ಸಾಲು ಬರೆದಿಲ್ಲ. ಮಿಲ್ಲಿನಲ್ಲಿ ಭಾರೀ ಕೆಲಸವಿತ್ತು ಎಂದು ತಿಳಿದುಕೊ.

ನೀವು ಗೆಳತಿಯರು ಕಟ್ಟಿದ ಪುಟ್ಟ ಉಪಗ್ರಹ ಮೇಲೇರಿ ಹೊಳೆಸಾಲಿನ ಭತ್ತದ ಗದ್ದೆಗಳ ಫೋಟೊ ತೆಗೆಯುತ್ತಿದೆ ಎಂದು ನಿನ್ನವ್ವ ಊರಿಗೆಲ್ಲ ಸಾರಿದ್ದಾಳೆ. ಬೆಲ್ಲದ ಡಬ್ಬಿಯಷ್ಟೇ ಇದೆಯಂತಲ್ಲ! ಹೋದ ಮಂಗಳವಾರ ಹತ್ತೂವರೆಗೆ ಕಂಪ್ಲಿಯ ಮೇಲೆ ಹಾಯುತ್ತದೆ ಎಂದು ನೀನು ಅವಳಿಗೆ ಫೋನಿನಲ್ಲಿ ಹೇಳಿದ್ದು ನನ್ನ ಕಿವಿಗೂ ಬಿತ್ತು. ನಾನು ಪೇಪರ್ ಓದುತ್ತಿದ್ದೆ, ಅಷ್ಟೆ.

ಅವತ್ತು ಮಿಲ್ಲಿನ ಕಣದಲ್ಲಿ ಕುದಿಸಿದ ಭತ್ತ ಒಣಗುತ್ತಿತ್ತು. ನಾನು ಸುಣ್ಣದಲ್ಲಿ ಅಕ್ಷರಗಳ ಗೆರೆ ಎಳೆದು, ಅದರ ಮೇಲೆ ಭತ್ತ ಸಾಲು ಹಾಕಲು ಕೂಲಿಯ ಪಂಪಮ್ಮನನ್ನು ಕರೆದೆ. ಒಂದೊಂದು ಅಕ್ಷರ ಲಾರಿಯುದ್ದ. ಅವಳಿಗೆ ಓದು ಬರದು, ಅದಕ್ಕೇ ಕರೆದದ್ದು.

"ಏನ್ ಬರಿಯಾಕತ್ತೀರಿ ಸಾವ್ಕಾರ್ರ?"

"ಮಿಲ್ಲಿನ ಹೆಸರು. ಜಲ್ದಿ ಎಳಿ."

"ಬೋರ್ಡಿನ್ಯಾಗ ಇಷ್ಟ್ ಉದ್ದ ಇಲ್ಲಲ್ರಿ!"

ಓದು ಬರದಿದ್ದರೂ ಆ ಮುದುಕಿಗೆ ಎಣಿಕೆ ಬರುತ್ತದೆ.

ಹತ್ತೂವರೆಗೆ ಹೊಸ ಪಂಚೆ ಉಟ್ಟು, ಅಕ್ಷರಗಳ ಪಕ್ಕ ನಿಂತು ಆಕಾಶ ನೋಡಿದೆ. ನನ್ನನ್ನು ನೋಡಿ ಹಮಾಲರೂ ನೋಡಿದರು, ಅವರನ್ನು ನೋಡಿ ಬೀದಿಯ ಜನ. ಅಷ್ಟರಲ್ಲಿ ಪಾರಿವಾಳದ ಹಿಂಡು ಇಳಿದು ಎರಡಕ್ಷರ ಕೆದರಿಬಿಟ್ಟಿತು. ಟವೆಲ್ ಬೀಸುತ್ತಾ ಓಡಿದೆ. ನಿನ್ನವ್ವ ಬಾಗಿಲಲ್ಲಿ ನಿಂತು, "ಈ ವಯಸ್ಸಿನ್ಯಾಗ ಇದೇನ್ ಕುಣಿತ ಹಚ್ಚೀರಿ!" ಎಂದಳು.

ನಿನ್ನೆ ನೀನು ಕಳಿಸಿದ ಫೋಟೊ ತೋರಿಸಿದಳು. ಹೊಳೆ ದಾರದ ಎಳೆಯಷ್ಟು. ನಮ್ಮ ಮಿಲ್ಲೆಲ್ಲಿ ಎಂದೆ.

"ಈ ಚುಕ್ಕಿ ನೋಡ್ರಿ. ಮಿಲ್ಲು, ಕಣ, ನೀವು, ಎಲ್ಲಾ ಇದರಾಗ ಐತಂತ."

ಅಯ್ಯೋ ಶಿವನೆ, ಸಾಸಿವೆ ಕಾಳಿನಷ್ಟು! ನಗಬೇಡ. ಬೆಳೆ ನೋಡಲು ಅಷ್ಟೇ ಸಾಕೆಂದೆಯಂತೆ. ಅಪ್ಪಂದಿರನ್ನು ನೋಡಲು ಸಾಲದು, ನಿಮ್ಮವರಿಗೆ ಹೇಳಿಬಿಡು.

ಹೊತ್ತಿಗೆ ಸರಿಯಾಗಿ ಉಣ್ಣು. ವಿರೂಪಾಕ್ಷ ನಿನ್ನನ್ನು ಕೆಳಗೂ ನಿನ್ನ ಡಬ್ಬಿಯನ್ನು ಮೇಲೂ ಕಾಯಲಿ.

ನಿನ್ನ ಅಪ್ಪ,
ಮರುಳಸಿದ್ದಪ್ಪ

ತಾ.ಕ.: ಬರೆದದ್ದು ಮಿಲ್ಲಿನ ಹೆಸರಲ್ಲ. ಸಂಡೂರಿನ ಗಂಡಿನವರ ಎದುರಿಗೆ, ನೀನು ರಟ್ಟಿನಲ್ಲಿ ಮಾಡಿದ್ದ ಮೊದಲ ಉಪಗ್ರಹವನ್ನು ಮಿಲ್ಲಿನ ಹೊಟ್ಟಿನ ಒಲೆಗೆ ಎಸೆದೆನಲ್ಲ, ಅವತ್ತು ದಾಟಿದ ಹೊಸ್ತಿಲನ್ನು ನೀನು ಮತ್ತೆ ತುಳಿಯಲಿಲ್ಲ. ಮೇಲಿನಿಂದ ಕಾಣದ್ದನ್ನು ಕೈಯಾರೆ ಬರೆಯುತ್ತಿದ್ದೇನೆ: ತಪ್ಪಾಯಿತು ಮಗಳೇ, ಮನೆಗೆ ಬಾ.